ಪರದುಃಖವೂ ಕಲೆಯ ಕಾಯಕವೂ

ಶೋಕವು ಕಾವ್ಯದಲ್ಲಿ ಕರುಣರಸವಾಗಿ ಪರಿಣಮಿಸಿ ಸಹೃದಯನಿಗೆ ಆನಂದವನ್ನೀಯುತ್ತದೆ ಎಂಬುದು ನಮ್ಮ ಆಲಂಕಾರಿಕರ ಮತ. ಆದರೆ ಆ ಶೋಕವು ಕವಿಕಲ್ಪಿತವಾಗಿರದೆ, ಯುದ್ಧದಲ್ಲಿಯೋ ದುರಂತದಲ್ಲಿಯೋ ನಿಜವಾಗಿ ಮಡಿದವರದಾಗಿದ್ದರೆ? ಅದರಿಂದ ಆನಂದದೊಡನೆ ಹಣವೂ ಹುಟ್ಟುವುದಾದರೆ? ಇದಕ್ಕೆ ರಸಶಾಸ್ತ್ರವೊಂದರಿಂದಲೇ ಉತ್ತರ ದೊರೆಯದು. ಶರಣರ ಕಾಯಕತತ್ತ್ವದ ನೆರವೂ ಬೇಕಾಗುತ್ತದೆ.

ಪರದುಃಖವನ್ನು ರಂಗಕ್ಕೆ ತರುವುದು ತಗುವೇ ಎಂಬ ಪ್ರಶ್ನೆ ಪ್ರಾಚೀನ ಗ್ರೀಸಿನಲ್ಲಿಯೇ ತಲೆದೋರಿತ್ತು. ಕ್ರಿ.ಪೂ. 494ರಲ್ಲಿ ಪರ್ಷಿಯನ್ನರು ಅಥೆನ್ಸಿನ ಬಂಧುನಗರವಾದ ಮಿಲೇಟಸನ್ನು ಸೂರೆಗೊಂಡರು. ಫ್ರಿನಿಕಸ್ ಎಂಬ ಕವಿ ಆ ಪತನವನ್ನೇ ನಾಟಕವಾಗಿಸಿ ಆಡಿಸಿದಾಗ ಪ್ರೇಕ್ಷಕಸಮೂಹವೆಲ್ಲ ಕಣ್ಣೀರಿಟ್ಟಿತು. ಆದರೆ ತಮ್ಮವರ ಸಂಕಟವನ್ನೇ ನೆನಪಿಗೆ ತಂದನೆಂದು ಅಥೆನ್ಸಿನವರು ಅವನಿಗೆ 1000 ದ್ರಾಖ್ಮಗಳ ದಂಡ ವಿಧಿಸಿ, ಆ ನಾಟಕವನ್ನು ಮುಂದೆ ಯಾರೂ ಆಡಕೂಡದೆಂದು ಕಟ್ಟುಮಾಡಿದರೆಂದು ಹೆರೊಡೋಟಸ್ ಬರೆದಿದ್ದಾನೆ. ಅದೇ ನಗರದಲ್ಲಿ ಕ್ರಿ.ಪೂ. 472ರಲ್ಲಿ ಈಸ್ಕಿಲಸನ ‘ಪರ್ಷಿಯನ್ನರು’ ನಾಟಕಕ್ಕೆ ಪ್ರಥಮ ಬಹುಮಾನ ಸಂದಿತು. ಪರ್ಷಿಯನ್ನರು ಅಥೆನ್ಸನ್ನು ಸುಟ್ಟು ಆಗ ಎಂಟೇ ವರ್ಷಗಳಾಗಿದ್ದುವು. ಮ್ಯಾರಥಾನಿನಲ್ಲಿ ಅವರೊಡನೆ ಸ್ವತಃ ಹೋರಾಡಿದ್ದ ಕವಿಯು ರಂಗವನ್ನು ಶತ್ರುವಿನ ರಾಜಧಾನಿಯಲ್ಲಿರಿಸಿ, ಸೋತ ದೊರೆಯ ತಾಯಿಯ ಕಳವಳವನ್ನು ಗೆದ್ದವರ ಮುಂದಿಟ್ಟನು. ಗೆದ್ದವರ ಹೆಮ್ಮೆಗೆ ಅಲ್ಲಿ ಆಹಾರ ದೊರೆಯಿತೆಂಬುದು ನಿಜ. ಆದರೂ ಹಗೆಯ ಮನೆಯ ಅಳಲನ್ನು ಕೇಳಿಸಿಕೊಳ್ಳಬೇಕಾದ ಸ್ಥಿತಿಯನ್ನು ಕವಿ ಅವರಿಗೆ ತಂದನು.

ಮನರಂಜನೆಯು ದೊಡ್ಡ ಉದ್ಯಮವಾದ ಮೇಲೆ ಲಾಭದ ಆತುರವೂ ಬಂದಿತು. 1912ರ ಏಪ್ರಿಲಿನಲ್ಲಿ ಟೈಟಾನಿಕ್ ಹಡಗು ಮುಳುಗಿ ಸುಮಾರು 1500 ಜನ ಜಲಸಮಾಧಿಯಾದರು. ಮುಂದಿನ ತಿಂಗಳೇ ಅದರ ಮೇಲೊಂದು ಚಲನಚಿತ್ರ ತೆರೆಕಂಡಿತು. ಆ ಹಡಗಿನಿಂದ ಪಾರಾಗಿ ಬಂದ ನಟಿ ಡೊರೊತಿ ಗಿಬ್ಸನ್ ಅಂದಿನ ರಾತ್ರಿ ತೊಟ್ಟ ಉಡುಪನ್ನೇ ತೊಟ್ಟು ಅಭಿನಯಿಸಿದಳು. ಸತ್ತವರ ಬಂಧುಗಳ ಕಣ್ಣೀರು ಆರುವ ಮುನ್ನವೇ ಟಿಕೇಟು ಮಾರಾಟಕ್ಕಿತ್ತು.

ಇದಕ್ಕೆ ಪ್ರತಿಯಾಗಿ ಸ್ಟೀವನ್ ಸ್ಪೀಲ್‌ಬರ್ಗರ ನಡೆಯನ್ನು ನೋಡಬಹುದು. ಯೆಹೂದ್ಯರ ಸಂಹಾರವನ್ನು ಕುರಿತ ‘ಶಿಂಡ್ಲರ್ಸ್ ಲಿಸ್ಟ್’ (1993) ಚಿತ್ರದಿಂದ ಬಂದ ಹಣಕ್ಕೆ ರಕ್ತದ ಕಲೆಯಿದೆಯೆಂದು ಭಾವಿಸಿ ಅವರು ಸಂಭಾವನೆಯನ್ನು ಒಲ್ಲೆನೆಂದರು. 1994ರಲ್ಲಿ ಸಂಸ್ಥೆಯೊಂದನ್ನು ಸ್ಥಾಪಿಸಿ, ಬದುಕುಳಿದವರ ಸಾಕ್ಷ್ಯಗಳ ಸಂಗ್ರಹಕ್ಕೆ ಮುಂದಾದರು. ಅಲ್ಲಿ 50,000ಕ್ಕೂ ಮಿಕ್ಕಿದ ಸಾಕ್ಷ್ಯಗಳು ದಾಖಲಾಗಿವೆ. ಆದರೂ ಆಕ್ಷೇಪ ನಿಲ್ಲಲಿಲ್ಲ. ಹಳೆಯ ಚಿತ್ರತುಣುಕುಗಳನ್ನಾಗಲಿ ನಟರನ್ನಾಗಲಿ ಬಳಸದೆ, ಸಾಕ್ಷಿಗಳ ಮಾತಿನಿಂದಲೇ ಒಂಬತ್ತು ಗಂಟೆಗೂ ದೀರ್ಘವಾದ ‘ಶೋಆ’ (1985) ಚಿತ್ರವನ್ನು ನಿರ್ಮಿಸಿದ ಕ್ಲೋಡ್ ಲಾಂಜ್‌ಮಾನ್, ಅಂಥ ಸಂಹಾರವನ್ನು ಕಥೆಯಾಗಿ ಅಭಿನಯಿಸಿ ತೋರಿಸುವುದೇ ಮೇರೆಮೀರಿದ ಕೃತ್ಯವೆಂದು ವಾದಿಸಿದರು. ಎಂದರೆ, ಹಣವನ್ನು ತ್ಯಜಿಸಿದ ಮಾತ್ರಕ್ಕೆ ಚಿತ್ರಣದ ಹೊಣೆ ತೀರದು. ಚಿತ್ರಣ ಶುದ್ಧವಾದ ಮಾತ್ರಕ್ಕೆ ಗಳಿಕೆಯ ಲೆಕ್ಕವೂ ಮುಗಿಯದು.

ಇಲ್ಲಿ ಆಯ್ದಕ್ಕಿ ಲಕ್ಕಮ್ಮನ ನಡೆ ನಮಗೆ ಒರೆಗಲ್ಲಾಗುತ್ತದೆ. ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚಾಗಿ ಅಕ್ಕಿಯನ್ನಾಯ್ದು ತಂದಾಗ, ಆ ಹೆಚ್ಚಿನದನ್ನು ತಂದೆಡೆಯಲ್ಲಿಯೇ ಸುರಿದು ಬರುವಂತೆ ಆಕೆ ಹೇಳಿದಳು. ಅದು ಕದ್ದ ಅಕ್ಕಿಯಲ್ಲ, ಬಿದ್ದ ಅಕ್ಕಿ. ಆದರೂ ಅಗತ್ಯವನ್ನು ಮೀರಿದ್ದು ಆಕೆಗೆ ಆಸೆಯಾಗಿ ಕಂಡಿತು. ಯುದ್ಧವನ್ನೋ ದುರಂತವನ್ನೋ ಕುರಿತು ಬರೆಯುವವನೂ ಆಡಿಸುವವನೂ ದುಃಖದ ಮನೆಯಂಗಳದಲ್ಲಿ ಚೆಲ್ಲಿದ ಕಾಳುಗಳನ್ನು ಆಯುವವನೇ ಸರಿ. ಅವನ ಶ್ರಮಕ್ಕೆ ಕೂಲಿ ಸಲ್ಲಬೇಕು. ಸುಮ್ಮನಿದ್ದರೆ ನೊಂದವರ ನೆನಪೇ ಅಳಿದುಹೋದೀತು. ಆದರೆ ಕೂಲಿಯನ್ನು ಮೀರಿ ಬಂದದ್ದು ಆ ಅಂಗಳಕ್ಕೇ ಸೇರಿದ್ದು. ಅದು ದಾಸೋಹವಾಗಿ ಹಿಂದಿರುಗಬೇಕು.

ಈ ವಿವೇಕ ಕಲಾವಿದನೊಬ್ಬನಿಗೇ ಮೀಸಲಲ್ಲ. ಹಣ ತೆತ್ತು ನೋಡುವವನೂ ಆ ವ್ಯವಹಾರದಲ್ಲಿ ಪಾಲುಗಾರನೇ. ಪರರ ಮರಣವನ್ನು ನೋಡಿ ಕರಗಿದ ಮನಸ್ಸು ಮನೆಗೆ ಬಂದ ಮೇಲೆ ನೆರೆಯವರ ನೋವಿಗೆ ಮಿಡಿಯದಿದ್ದರೆ, ಅವನು ಪಡೆದದ್ದು ಕರುಣರಸವಲ್ಲ. ಕೊಂಡು ತಂದ ಹೊತ್ತುಗಳೆತ ಅಷ್ಟೆ. ಕಲೆಯು ಕಾಯಕವಾಗುವುದು ಕಲಾವಿದನೂ ಪ್ರೇಕ್ಷಕನೂ ನೊಂದವರ ಋಣವನ್ನು ಒಪ್ಪಿಕೊಂಡಾಗ ಮಾತ್ರ.