ಒಂದು ಕಲ್ಲು, ೧೨೦ ಸಾಲು

ಲಗ್ಗೆರೆಯ ಮಿತ್ರರೊಬ್ಬರು ಬೆಂಗಳೂರಿನ ಸುತ್ತಣ ಶಾಸನಗಳನ್ನು ಗಣಕಯಂತ್ರದ ಕೋಷ್ಟಕಗಳಲ್ಲಿ ಅಳವಡಿಸಿ, ಅವುಗಳಿಂದ ತೆಗೆದ ಗಣನೆಯೊಂದನ್ನು ನಮ್ಮ ಅವಲೋಕನಕ್ಕೆ ಕಳುಹಿಸಿರುವರು. ಶ್ರಮವು ಶ್ಲಾಘ್ಯವಾದುದು, ಗಣನೆಯು ಮಾತ್ರ ಒಪ್ಪತಕ್ಕುದಲ್ಲ.

ಅವರು ಶಾಸನ, ವ್ಯಕ್ತಿ, ಗ್ರಾಮ, ನೆಲೆ ಎಂಬ ೪ ಕೋಷ್ಟಕಗಳನ್ನು ಮಾಡಿ, ಎಲ್ಲವನ್ನೂ ಒಂದೇ ಪ್ರಶ್ನೆಯಲ್ಲಿ ಕೂಡಿಸಿದ್ದಾರೆ. ಬೇಗೂರಿನ ಪ್ರಸಿದ್ಧವಾದ ಕಲ್ಲನ್ನೇ ತೆಗೆದುಕೊಳ್ಳೋಣ. ಗಂಗರ ಎರೆಯಪ್ಪನು ಅಯ್ಯಪದೇವನ ನೆರವಿಗೆ ನಾಗತ್ತರನನ್ನು ಕಳುಹಿಸಿದನು. ವೀರಮಹೇಂದ್ರನೊಡನೆ ನಡೆದ ಕಾಳಗದಲ್ಲಿ ನಾಗತ್ತರನು ಮಡಿದನು. ಬಳಿಕ ಇರುಗನಿಗೆ ನಾಗತ್ತರಪಟ್ಟವೂ ಬೆಂಪೂರು ಹನ್ನೆರಡೂ ದೊರೆತುವು. ವ್ಯಕ್ತಿಗಳು ೫, ಗ್ರಾಮಗಳು ೧೨. ದಾನವನ್ನು ಪಡೆದ ಇರುಗನಿಗೂ ಆ ಗ್ರಾಮಗಳಿಗೂ ಸಂಬಂಧವುಂಟು. ಶತ್ರುವಾದ ವೀರಮಹೇಂದ್ರನಿಗೆ ಅಲ್ಲಿ ಏನು ಕೆಲಸ? ಆದರೆ ವ್ಯಕ್ತಿಯೂ ಗ್ರಾಮವೂ ಶಾಸನದ ಸಂಖ್ಯೆಗೆ ಮಾತ್ರ ಕಟ್ಟಲ್ಪಟ್ಟಿರುವುದರಿಂದ, ಯಂತ್ರವು ಪ್ರತಿಯೊಬ್ಬನನ್ನೂ ಪ್ರತಿಯೊಂದು ಗ್ರಾಮದೊಡನೆ ಜೋಡಿಸಿ ೬೦ ಸಾಲುಗಳನ್ನು ಕೊಡುತ್ತದೆ. ಕಲ್ಲು ಬೇಗೂರಿನಿಂದ ಬೆಂಗಳೂರಿನ ವಸ್ತುಸಂಗ್ರಹಾಲಯಕ್ಕೆ ಬಂದುದು. ಆದಕಾರಣ ನೆಲೆಗಳು ೨. ಒಟ್ಟು ಸಾಲುಗಳು ೧೨೦!

ಈ ಪುನರುಕ್ತಿಯನ್ನು ಕಂಡು ಮಿತ್ರರು ‘ಡಿಸ್ಟಿಂಕ್ಟ್’ ಎಂಬ ಪದವನ್ನು ಸೇರಿಸಿದರು. ಒಂದು ಸಾಲೂ ಕಡಮೆಯಾಗಲಿಲ್ಲ. ಏಕೆಂದರೆ ಯಾವ ಎರಡು ಸಾಲುಗಳೂ ಸರ್ವಥಾ ಒಂದೇ ಆಗಿರಲಿಲ್ಲ. ಆಮೇಲೆ ಊರಿನ ಹೆಸರು, ರಾಜವಂಶ ಎಂಬ ಎರಡು ಅಂಕಣಗಳನ್ನು ಮಾತ್ರ ಉಳಿಸಿದರು. ಪುನರುಕ್ತಿಯೇನೋ ಹೋಯಿತು. ಅದರೊಡನೆ ಬೆಂಗಳೂರು ಕಾಳಗವನ್ನು ಹೇಳುವ ಬೇಗೂರಿನ ವೀರಗಲ್ಲೂ ಹೋಯಿತು! ಅದೂ ಗಂಗರ ಕಾಲದ್ದು, ಅದೂ ಬೇಗೂರಿನದು. ಯಂತ್ರವು ಎರಡು ಕಲ್ಲುಗಳನ್ನು ಒಂದೆಂದು ಬಗೆಯಿತು. ಮೊದಲಿನ ತಪ್ಪು ಕಣ್ಣಿಗೆ ಹೊಡೆಯುತ್ತಿತ್ತು, ಇದು ಅಡಗಿ ಕುಳಿತಿದೆ. ನಮಗೆ ಇದೇ ಹೆಚ್ಚು ಅಪಾಯಕರವಾಗಿ ತೋರುತ್ತದೆ.

ಒಂದು ಸಾಲು ಯಾವುದನ್ನು ನಿರ್ದೇಶಿಸುತ್ತದೆ ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕಾಗಿತ್ತು. ಕಲ್ಲುಗಳನ್ನು ಎಣಿಸುವುದಕ್ಕೆ ಶಾಸನದ ಕೋಷ್ಟಕವೊಂದೇ ಸಾಕು. ಇಂಥ ಹೆಸರು ಇದರಲ್ಲಿದೆಯೆ ಎಂದು ಉಳಿದ ಕೋಷ್ಟಕಗಳನ್ನು ಕೇಳಬಹುದು. ಅವುಗಳ ಸಾಲುಗಳನ್ನು ಎಳೆದು ತರಬೇಕಾಗಿಲ್ಲ. ಹೆಸರುಗಳೂ ಬೇಕೆಂದರೆ, ವ್ಯಕ್ತಿಗಳನ್ನೂ ಗ್ರಾಮಗಳನ್ನೂ ಬೇರೆ ಬೇರೆಯಾಗಿ ಶಾಸನಕ್ಕೊಂದು ಸಾಲಾಗುವಂತೆ ಗುಂಪುಮಾಡಿ ಆಮೇಲೆ ಕೂಡಿಸತಕ್ಕುದು. ನೆಲೆಯಲ್ಲಿ ದೊರೆತ ಸ್ಥಳವಾವುದು, ಈಗಿರುವ ಸ್ಥಳವಾವುದು ಎಂಬ ಭೇದವನ್ನು ಬರೆದರೆ ಆ ತೊಡಕೂ ತೀರುತ್ತದೆ.

ಇಷ್ಟರಿಂದಲೂ ಹೋಗದ ಪುನರುಕ್ತಿಯೊಂದುಂಟು. ಈ ಬೇಗೂರಿನ ಕಲ್ಲನ್ನೇ ಫ್ಲೀಟರು ‘ಎಪಿಗ್ರಾಫಿಯಾ ಇಂಡಿಕ’ದಲ್ಲಿಯೂ ರೈಸರು ‘ಎಪಿಗ್ರಾಫಿಯಾ ಕರ್ನಾಟಿಕ’ದ ೯ನೆಯ ಸಂಪುಟದಲ್ಲಿಯೂ (೧೯೦೫) ಪ್ರಕಟಿಸಿರುವರು. ಮಿತ್ರರು ಇವೆರಡಕ್ಕೂ ಬೇರೆ ಬೇರೆ ಶಾಸನಸಂಖ್ಯೆಯನ್ನು ಕೊಟ್ಟಿದ್ದಾರೆ. ಇದನ್ನು ಯಾವ ಪ್ರಶ್ನೆಯೂ ಸರಿಪಡಿಸಲಾರದು. ಪಾಠಗಳೆರಡನ್ನೂ ಓದಿದವರೇ ಅವನ್ನು ಒಂದು ಕಲ್ಲಿನ ಸಂಖ್ಯೆಗೆ ಕಟ್ಟಬೇಕು. ಆ ಕೆಲಸವು ಮುಗಿಯುವವರೆಗೆ ಈ ಗಣನೆಯನ್ನು ಮುದ್ರಿಸದಿರುವುದು ಲೇಸು.