ಉನ್ಮಾದವೂ ಪ್ರತಿಭೆಯೂ: ಜೇಮಿಸನ್ನರ ಎರಡು ಗ್ರಂಥಗಳು

ಚಿತ್ತವ್ಯಾಧಿಯನ್ನು ಕುರಿತು ಲೋಕದಲ್ಲಿ ಎರಡು ಬಗೆಯ ಭ್ರಾಂತಿಗಳು ನೆಲಸಿರುತ್ತವೆ. ರೋಗಿಯು ನೆರೆಮನೆಯವನಾದರೆ ಹುಚ್ಚನೆಂದು ದೂರವಿಡುವುದು ಒಂದು. ಕವಿಯಾದರೆ ಆ ಹುಚ್ಚನ್ನೇ ದೈವದತ್ತವಾದ ಆವೇಶವೆಂದು ಕೊಂಡಾಡುವುದು ಇನ್ನೊಂದು. ನಿಂದೆಯೂ ಸ್ತುತಿಯೂ ಪರಸ್ಪರ ವಿರುದ್ಧವಾಗಿ ತೋರಿದರೂ ಎರಡರಲ್ಲಿಯೂ ಮನುಷ್ಯನು ಮರೆಯಾಗಿ ರೋಗವೊಂದೇ ಉಳಿಯುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಕೇ ರೆಡ್‌ಫೀಲ್ಡ್ ಜೇಮಿಸನ್ ಅವರು 1993ರಲ್ಲಿ ಪ್ರಕಟಿಸಿದ ‘ಟಚ್ಡ್ ವಿತ್ ಫೈರ್’ ಎಂಬ ಶಾಸ್ತ್ರಗ್ರಂಥವನ್ನೂ 1995ರ ‘ಆನ್ ಅನ್‌ಕ್ವಯಟ್ ಮೈಂಡ್’ ಎಂಬ ಆತ್ಮಕಥನವನ್ನೂ ಜೊತೆಯಲ್ಲಿಟ್ಟು ಓದಿದರೆ ಈ ಭ್ರಾಂತಿಗಳ ಮೂಲವೂ ಪರಿಹಾರವೂ ಗೋಚರಿಸುತ್ತವೆ.

ವ್ಯಾಧಿಯ ಸ್ವರೂಪವನ್ನು ಮೊದಲು ತಿಳಿಯತಕ್ಕದ್ದು. ಉನ್ಮಾದ ವಿಷಾದಗಳೆರಡನ್ನೂ ಒಂದೇ ವ್ಯಾಧಿಯೊಳಗೆ ಸೇರಿಸಿ 1899ರಲ್ಲಿ ನಿರೂಪಿಸಿದವನು ಜರ್ಮನಿಯ ಕ್ರೆಪೆಲಿನ್. ‘ಬೈಪೋಲಾರ್’ ಎಂಬ ಹೆಸರು ಅಮೆರಿಕದ ಮನೋವೈದ್ಯರ ವರ್ಗೀಕರಣದಲ್ಲಿ 1980ರಲ್ಲಿ ಸೇರಿತು. ಗಳಿಗೆಗೊಂದು ಬಗೆಯಾಗುವ ಚಂಚಲಸ್ವಭಾವಕ್ಕೆ ಈ ಹೆಸರು ಸಲ್ಲದು. ಶಾಸ್ತ್ರನಿಯಮದಂತೆ, ಆಸ್ಪತ್ರೆಗೆ ಸೇರಿಸಬೇಕಾಗುವಷ್ಟು ಉಗ್ರವಾದ ಸಂದರ್ಭವನ್ನುಳಿದು, ಉನ್ಮಾದವು ಒಂದು ವಾರವಾದರೂ ನಿಲ್ಲಬೇಕು. ವಿಷಾದವು ಎರಡು ವಾರವಾದರೂ ಇರಬೇಕು. ನಡುವೆ ರೋಗಿಯು ತಿಂಗಳುಗಟ್ಟಲೆ, ವರ್ಷಗಟ್ಟಲೆ ಸ್ವಸ್ಥನಾಗಿರುವುದುಂಟು. ಇದು ಗ್ರಹಬಾಧೆಯೂ ಅಲ್ಲ, ನಡತೆಯ ದೋಷವೂ ಅಲ್ಲ.

ಮೊದಲನೆಯ ಗ್ರಂಥದಲ್ಲಿ ಬೈರನ್, ಶೂಮನ್, ವರ್ಜೀನಿಯಾ ವೂಲ್ಫ್ ಮೊದಲಾದವರ ಜೀವನವನ್ನು ಪರಿಶೀಲಿಸಿ, ಈ ವ್ಯಾಧಿಗೂ ಕಲಾಶಕ್ತಿಗೂ ಸಂಬಂಧವುಂಟೆಂದು ಸಾಧಿಸಲು ಯತ್ನಿಸಿದೆ. ಪಾಂಡಿತ್ಯವು ವಿಪುಲವಾದದ್ದು, ಆದರೆ ಪ್ರಮಾಣವು ದುರ್ಬಲ. ಗ್ರಂಥಕರ್ತ್ರಿಯವರು ತಾವೇ ಪರೀಕ್ಷಿಸಿದ ಬ್ರಿಟನ್ನಿನ ಲೇಖಕರೂ ಕಲಾವಿದರೂ 47 ಮಂದಿ ಮಾತ್ರ. ಹೋಲಿಕೆಗೆ ಇತರ ಜನರ ಗುಂಪೊಂದಿಲ್ಲ. ಗತಿಸಿದವರ ಪತ್ರ ದಿನಚರಿಗಳಿಂದ ರೋಗವನ್ನು ನಿರ್ಣಯಿಸುವುದೂ ಸಂಶಯಾಸ್ಪದವೇ ಸರಿ. ಶೂಮನ್ನನು 1840ರಲ್ಲಿಯೂ 1849ರಲ್ಲಿಯೂ ಹೇರಳವಾಗಿ ರಚಿಸಿದನೆಂಬುದು ನಿಜ. ಆದರೆ ವೈಸ್‌ಬರ್ಗ್ ಎಂಬ ವಿದ್ವಾಂಸರು 1994ರಲ್ಲಿ ಆ ಕೃತಿಗಳನ್ನು ತೂಗಿನೋಡಿ, ಉತ್ಸಾಹದ ವರ್ಷಗಳಲ್ಲಿ ಸಂಖ್ಯೆ ಹೆಚ್ಚಿತೇ ಹೊರತು ಗುಣವು ಹೆಚ್ಚಲಿಲ್ಲವೆಂದು ತೋರಿಸಿದರು. ವಿಷಾದದ 1844ರಲ್ಲಿ ಅವನ ಲೇಖನಿಯು ಬಹುಮಟ್ಟಿಗೆ ನಿಂತೇ ಹೋಗಿತ್ತೆಂಬುದನ್ನು ಸ್ತುತಿಪಾಠಕರು ಮರೆಯುತ್ತಾರೆ.

ಈ ಕೊರತೆಯನ್ನು ತುಂಬುವುದು ಆತ್ಮಕಥನ. 1974ರಲ್ಲಿ ಲಾಸ್ ಏಂಜಲೀಸಿನ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿ ಸೇರಿದ ಕೆಲವೇ ತಿಂಗಳಲ್ಲಿ ಜೇಮಿಸನ್ನರು ಉನ್ಮಾದಕ್ಕೆ ತುತ್ತಾದರು. ತಾವು ಕಲಿತು ಕಲಿಸುತ್ತಿದ್ದ ವ್ಯಾಧಿಯೇ ಅವರನ್ನು ಹಿಡಿದಿತ್ತು. ಅದು ಆನಂದದಿಂದ ಆರಂಭವಾಗಿ ಸಾಲದಲ್ಲಿಯೂ ಭೀತಿಯಲ್ಲಿಯೂ ಮುಗಿದ ಬಗೆಯನ್ನು ಅವರು ಅಲಂಕರಿಸದೆ ಹೇಳುತ್ತಾರೆ. ಲಿಥಿಯಂ ಎಂಬ ಔಷಧವು ದೊರೆತರೂ ಅದನ್ನು ಪದೇ ಪದೇ ಬಿಟ್ಟರು. ಅಕ್ಕನೇ ಔಷಧವನ್ನು ಹಳಿದಳು. ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ಪ್ರಾಣವನ್ನೇ ಕಳೆದುಕೊಳ್ಳಲು ಯತ್ನಿಸಿ ಬದುಕಿದರು. ಮಕ್ಕಳನ್ನು ಪಡೆಯಬಾರದೆಂದು ವೈದ್ಯನೊಬ್ಬನು ನಿಷ್ಠುರವಾಗಿ ನುಡಿದ ಪ್ರಸಂಗವು, ಕಳಂಕವು ಅಜ್ಞರಲ್ಲಿ ಮಾತ್ರ ಇರುವುದೆಂಬ ನಂಬಿಕೆಯನ್ನು ಅಳಿಸುತ್ತದೆ.

ಸಾಹಿತ್ಯಾಧ್ಯಾಪಕರು ವಿಶೇಷವಾಗಿ ಗಮನಿಸಬೇಕಾದ ಭಾಗ ಬೇರೊಂದುಂಟು. ಲಿಥಿಯಂನ ಪ್ರಮಾಣವು ಅಧಿಕವಾಗಿದ್ದ ಹತ್ತು ವರ್ಷಗಳಿಗೂ ಹೆಚ್ಚು ಕಾಲ ಅವರು ಗಂಭೀರವಾದ ಗ್ರಂಥವೊಂದನ್ನು ಮೊದಲಿನಿಂದ ಕೊನೆಯವರೆಗೆ ಓದಲಾರದೆ ಹೋದರು. ಪ್ರಮಾಣವನ್ನು ತಗ್ಗಿಸಿದ ಮೇಲೆ ಆ ಶಕ್ತಿಯು ಮರಳಿತು. ಔಷಧವು ಏನನ್ನು ಕಸಿದುಕೊಳ್ಳುತ್ತದೆಂಬುದನ್ನು ಇಷ್ಟು ನಿಚ್ಚಳವಾಗಿ ಬರೆದವರೇ ಅದಿಲ್ಲದೆ ತಾವು ಉಳಿಯುತ್ತಿರಲಿಲ್ಲವೆಂದೂ ಹೇಳುವುದರಿಂದ ಅವರ ಸಾಕ್ಷ್ಯಕ್ಕೆ ಗೌರವವುಂಟು. ವ್ಯಾಧಿಯನ್ನು ತಾವು ಬಯಸಿ ಪಡೆಯುವೆವೇ ಎಂಬ ಕೊನೆಯ ಪ್ರಶ್ನೆಗೆ, ಲಿಥಿಯಂ ಇರುವುದಾದರೆ ಹೌದು, ಇಲ್ಲವಾದರೆ ಇಲ್ಲ ಎಂಬುದು ಅವರ ಉತ್ತರ. ಮೊದಲರ್ಧವನ್ನು ಮಾತ್ರ ಉದ್ಧರಿಸುವವರು ಗ್ರಂಥಕ್ಕೆ ಅನ್ಯಾಯ ಮಾಡುತ್ತಾರೆ.

ಭಾರತೀಯ ಆಲಂಕಾರಿಕರ ಮತವು ಇಲ್ಲಿ ಸ್ಮರಣೀಯ. ಶಕ್ತಿ, ನಿಪುಣತೆ, ಅಭ್ಯಾಸಗಳು ಮೂರೂ ಕೂಡಿ ಕಾವ್ಯಕ್ಕೆ ಒಂದೇ ಹೇತುವೆಂದು ಮಮ್ಮಟನು ಹೇಳಿ, ಏಕವಚನವನ್ನೇ ಬಳಸಿದನು. ಶಕ್ತಿಯನ್ನು ಉಳಿದೆರಡರಿಂದ ಬಿಡಿಸಿ, ಅದನ್ನೇ ವ್ಯಾಧಿಯೆಂದು ಹೆಸರಿಸುವವರಿಗೆ ಈ ಮಾತು ಸಾಕಾದ ಉತ್ತರ. ಲಿಥಿಯಂ ಸೇವಿಸುತ್ತಿದ್ದ 24 ಮಂದಿ ಕಲಾವಿದರನ್ನು ಡೆನ್ಮಾರ್ಕಿನ ಮೋಗೆನ್ಸ್ ಶೌ ವಿಚಾರಿಸಿದಾಗ, 12 ಮಂದಿ ತಮ್ಮ ರಚನೆ ಹೆಚ್ಚಿತೆಂದರು, 6 ಮಂದಿ ಮೊದಲಿನಂತೆಯೇ ಇತ್ತೆಂದರು, 6 ಮಂದಿ ತಗ್ಗಿತೆಂದರು. ಈ 1979ರ ವರದಿಯೂ ಸಣ್ಣದೇ. ಆದರೂ ಔಷಧವು ಪ್ರತಿಭೆಯ ವೈರಿಯೆಂಬ ಮಾತನ್ನು ಅದು ಸಮರ್ಥಿಸುವುದಿಲ್ಲ.

ಕವಿಯ ಉನ್ಮಾದವನ್ನು ವರ್ಣಿಸುವ ಪಾಠವನ್ನು ಕೇಳುವವರಲ್ಲಿ ಅದೇ ವ್ಯಾಧಿಯುಳ್ಳ ವಿದ್ಯಾರ್ಥಿಯೊಬ್ಬನು ಇದ್ದಾನು. ತನ್ನ ರೋಗವೇ ತನ್ನ ಕಾವ್ಯವೆಂದು ನಂಬಿ ಅವನು ಔಷಧವನ್ನು ತೊರೆದರೆ, ಆ ಪಾಠದ ಬೆಲೆಯನ್ನು ತೆರುವವನು ಅವನೇ.