ಯಾವುದು ಮೊದಲು?

ಮಾನ್ವಿಯವರೊಬ್ಬರು, ದೇವದುರ್ಗದವರೊಬ್ಬರು, ರಾಯಚೂರಿನವನು ನಾನು. ಮೂವರೂ ಕೂಡಿ 1964ರ ನಾಲ್ಕು ಕನ್ನಡ ಚಿತ್ರಗಳನ್ನು ಮತ್ತೆ ನೋಡಿದೆವು. ಯಾವುದು ಮೇಲೆಂದು ಎಣಿಸಿದೆವು. ಕೊನೆಯ ಸ್ಥಾನಕ್ಕೆ ವಾದವೇಳಲಿಲ್ಲ. ಕನ್ನಡದ ಮೊದಲ ಪೂರ್ಣ ವರ್ಣಚಿತ್ರವೆಂಬ ಹಿರಿಮೆ 'ಅಮರಶಿಲ್ಪಿ ಜಕಣಾಚಾರಿ'ಗೆ ಉಂಟು; ಆದರೆ ಬಣ್ಣ ಕಣ್ಣಿಗೆ ಹಬ್ಬವಾಯಿತೇ ಹೊರತು ಮನಸ್ಸಿಗೆ ಇಳಿಯಲಿಲ್ಲ.

ಮೊದಲ ಸ್ಥಾನಕ್ಕೆ ಮಾತ್ರ ಒಮ್ಮತವಿಲ್ಲ. ಜಗನ್ನಾಥದಾಸರ ಊರಿನವರಾದ ಮಾನ್ವಿಯ ಮಿತ್ರರು, ಪುರಂದರದಾಸರ ಕಥೆಯ 'ನವಕೋಟಿ ನಾರಾಯಣ'ವನ್ನು ಬಿಟ್ಟುಕೊಡಲೊಲ್ಲರು. ದೇವದುರ್ಗದವರಿಗೆ ತ.ರಾ.ಸು. ಕಾದಂಬರಿಯಿಂದ ಬಂದ 'ಚಂದವಳ್ಳಿಯ ತೋಟ'ವೇ ಮೇಲು. ಕೂಡಿದ ಮನೆ ಒಡೆಯುವುದನ್ನು ಅವರು ಕಣ್ಣಾರೆ ಕಂಡವರು.

ನನ್ನ ಮತ ಎನ್. ಲಕ್ಷ್ಮೀನಾರಾಯಣರ 'ನಾಂದಿ'ಗೆ. ಮೂರರಲ್ಲಿಯೂ ನಾಯಕರು ರಾಜ್‌ಕುಮಾರರೇ; ಆದರೆ ಇಲ್ಲಿ ಅವರು ನಾಯಕತ್ವವನ್ನು ಮರೆತು ಬರಿಯ ಮೇಷ್ಟರಾಗಿದ್ದಾರೆ. ಕಿವಿ ಕೇಳದ, ಮಾತು ಬಾರದ ಹೆಂಡತಿಯನ್ನು ಚಿತ್ರ ಬರಿಯ ಕನಿಕರದ ವಸ್ತುವಾಗಿಸದೆ, ಮನೆಯ ಯಜಮಾನಿಯಾಗಿಯೇ ಕಾಣುತ್ತದೆ. ನನ್ನ ತಂಗಿಗೂ ಕಿವಿ ಕೇಳಿಸದು. ತಿಳಿಯದೆಂದು ಆಕೆಯೆದುರಿಗೇ ನಾವು ಎಷ್ಟೆಲ್ಲ ಆಡಿದ್ದೆವು ಎಂಬುದು ಅಂದು ನೆನಪಾಗಿ ತಲೆ ತಗ್ಗಿತು.

ಇದು ವಿಮರ್ಶೆಯೋ, ಸ್ವಂತದ ಗೋಳೋ ಎಂದು ವಾಚಕರು ಕೇಳಬಹುದು. ನಮ್ಮ ಮೂವರದೂ ಎರಡೂ ಅಹುದು. ಅದಕ್ಕೇ ಒಂದು ಪಟ್ಟಿ ಮಾಡುವ ಹಟ ಬಿಟ್ಟು, ಮೂರನ್ನೂ ಹಾಗೆಯೇ ಇಟ್ಟುಕೊಂಡೆವು.